ಚರ್ಚಿನವ್ರು ಪೌರಕಾರ್ಮಿಕರ ಪಗಾರದ ಮಾತು ಆಡಬಹುದಾ?

ಪ್ರಶ್ನೆ: ಸರ್, ನಮ್ದು ಬೀದರ ಜಿಲ್ಲಾದಾಗ ಒಂದು ತಾಲೂಕು ಊರು, ಮೆಥಡಿಸ್ಟ್ ಸಭಾ. ನಾನು ಯೂತ್ ಸೆಕ್ರೆಟರಿ ಇದ್ದೀನಿ. ಪ್ರತಿ ವರ್ಷ ಕ್ರಿಸ್‌ಮಸ್‌ಕ್ಕ ಕಂಬಳಿ ಹಂಚ್ತೀವಿ, ಬ್ಯಾಸಗಿದಾಗ ಅರವಟ್ಟಿಗಿ ಇಡ್ತೀವಿ, ಒಂದು ಹೆಲ್ತ್ ಕ್ಯಾಂಪ್ ಮಾಡ್ತೀವಿ. ನಮ್ಮ ಸಭಾದಾಗೇ ಪುರಸಭಾದ ಕಸದ ಗಾಡಿ ಮ್ಯಾಲ ಗುತ್ತಿಗಿ ಕೆಲಸ ಮಾಡೋ ಅಣ್ಣ ಅಕ್ಕಂದಿರು ಅದಾರ, ಅವ್ರಿಗಿ ಎರಡೆರಡು ತಿಂಗಳು ಪಗಾರ ಆಗಂಗಿಲ್ಲ, ಪಿಎಫ್ ಅಂತ ಕಟ್ ಮಾಡ್ತಾರ, ಆ ರೊಕ್ಕ ಎಲ್ಲಿಗಿ ಹೋಗ್ತದ ಯಾರಿಗೂ ಗೊತ್ತಿಲ್ಲ. ಯೂತ್‌ನವ್ರು ಇದಕ್ಕ ಏನಾರ ಮಾಡ್ಬೇಕು ಅಂದ್ರ ಹಿರಿಯರು ‘ಚರ್ಚಿನ್ಯಾಗ ರಾಜಕೀಯ ತರಬ್ಯಾಡ್ರಿ, ಮೊದ್ಲೇ ಮತಾಂತರ ಅಂತ ನಮ್ಮ ಮ್ಯಾಲ ಕಣ್ಣಿಟ್ಟಾರ’ ಅಂತಾರ. ಹೆಂಗ ಶುರು ಮಾಡ್ಬೇಕು?

ಉತ್ತರ: ಹಿರಿಯರ ಮಾತಿಂದೇ ಶುರು ಮಾಡ್ತೀನಿ, ಯಾಕಂದ್ರ ಅದನ್ನ ಬರೀ ಅಂಜಿಕಿ ಅಂತ ತಳ್ಳಿಹಾಕಿದ್ರ ನೀವು ಮುಂದ ಹೋಗಂಗಿಲ್ಲ. ಅವ್ರ ಮಾತಿನ್ಯಾಗ ಅರ್ಧ ಖರೆ ಅದ. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಅಂತ 1988ರಾಗೇ ಬಂದದ, ಗುಡಿ ಇರ್ಲಿ ಮಸೂತಿ ಇರ್ಲಿ ಚರ್ಚ್ ಇರ್ಲಿ, ಆ ಜಾಗಾ ರಾಜಕೀಯ ಚಟುವಟಿಕಿಗಿ ಬಳಸಬಾರ್ದು ಅಂತ ಅದು ಹೇಳ್ತದ. ಅಂದ್ರ ಎಲೆಕ್ಷನ್ ಬಂದಾಗ ಕ್ಯಾಂಡಿಡೇಟ್‌ಗಿ ಕರ್ದು ಮುಂದಿನ ಸಾಲಿನ್ಯಾಗ ಕುಂಡ್ರಿಸಿ, ಆರಾಧನಾ ಮುಗುದ್ ಮ್ಯಾಲ ಶಾಲು ಹಾರ ಹಾಕಿ ಮೈಕ್ ಕೈಯಾಗ ಕೊಡ್ತಾರಲ್ಲ, ಅದು ತಪ್ಪು (ಅದಕ್ಕ ಮಾತ್ರ ಯಾವ ಹಿರಿಯರೂ ರಾಜಕೀಯ ಅನ್ನಂಗಿಲ್ಲ ನೋಡ್ರಿ). ಕೆಲಸ ಮಾಡಿದ ಹೆಣ್ಮಗಳು ಮಾಡಿದ ಕೆಲಸಕ್ಕ ಪಗಾರ ಕೇಳೋದು ಪಕ್ಷದ ರಾಜಕೀಯ ಅಲ್ಲ, ಅದು ಲೆಕ್ಕದ ವಿಷಯ. ಆದ್ರೂ ನನ್ನ ಸಲಹಾ ಏನಂದ್ರ ಕಾರ್ಮಿಕರ ಮೀಟಿಂಗ್ ಚರ್ಚಿನ ಒಳಗ ಮಾಡಬ್ಯಾಡ್ರಿ, ಸಮುದಾಯ ಭವನ ಅಂಬೇಡ್ಕರ್ ಭವನ ಇಲ್ಲಾಂದ್ರ ಅವ್ರ ಓಣಿದಾಗಿನ ಕಟ್ಟಿ ಮ್ಯಾಲ ಕೂಡ್ರಿ. ಹಿರಿಯರಿಗೂ ಸಮಾಧಾನ, ಮತ್ತ ಕಸದ ಗಾಡಿ ಮ್ಯಾಲ ಕೆಲಸ ಮಾಡೋ ಎಲ್ಲಾರೂ ಕ್ರೈಸ್ತರೇನಲ್ಲ, ಬ್ಯಾರೆಯವ್ರೂ ಅಂಜಲಾರ್ದೇ ಬಂದು ಕೂಡ್ತಾರ, ಇದು ಮುಖ್ಯ.

ಇನ್ನ ಮೆಥಡಿಸ್ಟ್ ಸಭಾದವ್ರಿಗಿ ಕೂಲಿ ಪಗಾರದ ಮಾತು ಯಾಕ ಅಂತ ಯಾರಾರ ಕೇಳಿದ್ರ ಅವ್ರಿಗಿ ಅವ್ರದೇ ಇತಿಹಾಸ ಹೇಳ್ರಿ. ಈ ಪಂಥಕ್ಕ ಮೂಲ ಹಾಕಿದ ಜಾನ್ ವೆಸ್ಲಿ 1774ರಾಗೇ ಗುಲಾಮಗಿರಿ ವಿರುದ್ಧ ಒಂದು ಪುಸ್ತಕಾನೇ ಬರ್ದಿದ್ರು, 1791ರಾಗ ಸಾಯೋ ಕೆಲವೇ ದಿನ ಮುಂಚೆ ಬರ್ದ ಪತ್ರ ಸೈತ ಪಾರ್ಲಿಮೆಂಟಿನ್ಯಾಗ ಗುಲಾಮಗಿರಿ ವಿರುದ್ಧ ಹೋರಾಡ್ಲತ್ತಿದ್ದ ವಿಲ್ಬರ್‌ಫೋರ್ಸ್‌ಗಿ ಬಿಡಬ್ಯಾಡ ಅಂತ ಧೈರ್ಯ ಹೇಳಿದ್ದು. ಅದಕ್ಕಿಂತ ಹತ್ತಿರದ್ದು ಒಂದದ. ನಮ್ಮ ಬೀದರ ಕಲಬುರಗಿ ಕಡಿ ಮಿಷನ್ ನಡಿಸಿದ್ದು ಅಮೆರಿಕಾದ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್, ಅದೇ ಚರ್ಚ್ 1908ರಾಗ ಒಂದು ಸಾಮಾಜಿಕ ವಿಶ್ವಾಸ ಪ್ರಮಾಣ ಅಂತ ಪಾಸ್ ಮಾಡ್ತು: ಮಕ್ಕಳ ದುಡಿಮಿ ಬಂದ್ ಆಗ್ಬೇಕು, ವಾರಕ್ಕ ಒಂದಿನ ರಜಾ ಬೇಕು, ಯಂತ್ರದಿಂದ ಕೈಕಾಲು ಹೋಗದಂಗ ರಕ್ಷಣಾ ಬೇಕು, ಬದುಕ್ಲಾಕ ಸಾಕಾಗೋ ಅಷ್ಟು ಕೂಲಿ ಬೇಕು. ಇವೆಲ್ಲ ಅದ್ರಾಗ ಬರ್ದಿದ್ದೇ. ಬೀದರದ ಮಿಷನ್ ಆಸ್ಪತ್ರಿ ಯಾದಗಿರಿ ಹೋಲ್‌ಸ್ಟನ್ ಆಸ್ಪತ್ರಿ ಇವೆಲ್ಲ ನಾವು ಹೆಮ್ಮಿಲಿಂದ ಹೇಳ್ತೀವಿ, ಈ 1908ರ ಮಾತು ಮಾತ್ರ ಯಾವ ಜುಬಿಲಿ ಭಾಷಣದಾಗೂ ಬರಂಗಿಲ್ಲ. ನಿಮ್ಮೂರಾಗ ಕ್ಯಾಥೊಲಿಕ್ ಗೆಳೆಯರಿದ್ರ ಅವ್ರದ್ದೂ ಕಮ್ಮಿ ಇಲ್ಲ, ಪೋಪ್ 13ನೇ ಲಿಯೋ 1891ರಾಗ ಕಾರ್ಮಿಕರ ಹಕ್ಕಿನ ಮ್ಯಾಲೇ ಒಂದು ದೊಡ್ಡ ಪತ್ರ ಹೊರಡ್ಸಿದ್ರು. ಬೈಬಲ್‌ದಾಗಿನ ಆಮೋಸನ ಪುಸ್ತಕ ಒಂದ್ಸಲ ಹಿರಿಯರ ಮುಂದ ಓದಿ ತೋರಸ್ರಿ, ಬಡವ್ರಿಗಿ ಒಂದು ಜೋಡು ಚಪ್ಪಲಿ ಬೆಲಿಗಿ ಮಾರ್ತೀರಿ ಅಂತ ಆ ಕುರಿ ಕಾಯೋ ಮನಷ್ಯಾ ಬೈದಿದ್ದು ಗುತ್ತೇದಾರರಿಗೇ.

ಮತಾಂತರದ ಅಂಜಿಕಿ ಇದಕ್ಕಿಂತ ಗಂಭೀರ. 2022ರಾಗ ಕರ್ನಾಟಕದಾಗ ಮತಾಂತರದ ಕಾಯ್ದೆ ಬಂತು, 2023ರ ಜೂನ್‌ದಾಗ ಹೊಸ ಸರ್ಕಾರದ ಸಂಪುಟ ಅದನ್ನ ರದ್ದು ಮಾಡ್ತೀವಿ ಅಂತ ತೀರ್ಮಾನ ತಗೊಂತು. ಆದ್ರ ಆ ಕಾಯ್ದೆದಾಗ ಆಮಿಷ ಅಂದ್ರೇನು ಅಂತ ಬರ್ದಿದ್ದು ನೋಡ್ರಿ: ಉಡುಗೊರೆ, ರೊಕ್ಕ, ವಸ್ತು ರೂಪದ ಲಾಭ, ನೌಕರಿ, ಧಾರ್ಮಿಕ ಸಂಸ್ಥೆ ಶಾಲಿದಾಗ ಪುಕ್ಕಟ ಶಿಕ್ಷಣ. ಈಗ ನೀವೇ ವಿಚಾರ ಮಾಡ್ರಿ, ಇಷ್ಟು ವರ್ಷ ನೀವು ಮಾಡ್ಕೊಂತ ಬಂದ ಕಂಬಳಿ ಹಂಚೋ ಕೆಲಸ, ಹಿಂದ ಬ್ಯಾನರ್, ಮುಂದ ಪಾಸ್ಟರ್, ಕೈಯಾಗ ಕಂಬಳಿ ಹಿಡ್ದ ಮುದುಕಿ, ಆ ಫೋಟೋ ವಾಟ್ಸಾಪ್‌ದಾಗ, ಜಗಳ ತೆಗಿಯೋನಿಗಿ ಇದಕ್ಕಿಂತ ಚೊಲೋ ಸಾಕ್ಷಿ ಬೇಕಾ? ಅದೇ ಒಬ್ಬಾಕಿ ಪಿಎಫ್ ಪಾಸ್‌ಬುಕ್ ನೋಡಿಕೊಟ್ರಿ ಅನ್ಕೋರಿ, ಅದಕ್ಕ ಆಮಿಷ ಅಂತ ಯಾರೂ ಅನ್ನಲಾಕ ಬರಂಗಿಲ್ಲ ಯಾಕಂದ್ರ ನೀವೇನೂ ಕೊಟ್ಟೇ ಇಲ್ಲ, ಅದು ಆಕಿದೇ ರೊಕ್ಕ. ಹಿರಿಯರು ಯಾವ್ದನ್ನ ಸೇಫ್ ಅನ್ಕೊಂಡಾರೋ ಅದ್ರಾಗೇ ರಿಸ್ಕ್ ಜಾಸ್ತಿ ಅದ, ಯಾವ್ದಕ್ಕ ಅಂಜ್ತಾರೋ ಅದ್ರಾಗ ಕಮ್ಮಿ. ನಾನು ಸಭಾದ ಕಮಿಟಿಗೋಳ ಜೋಡಿ ಕೂತಾಗೆಲ್ಲ ಹಿರಿಯರ ಮನಸು ಬದಲಾಗಿದ್ದು ಆಮೋಸನಿಂದ ಅಲ್ಲ, ಈ ಮಾತಿಂದ.

ಒಂದೇ ಕಟ್ಟುನಿಟ್ಟು, ಈ ಕೆಲಸದ ಜಾಗಾದಾಗ ಪ್ರಾರ್ಥನಾ ಮಾಡ್ಸಬ್ಯಾಡ್ರಿ, ಕರಪತ್ರ ಕೊಡಬ್ಯಾಡ್ರಿ, ಭಾನುವಾರ ಬರ್ರಿ ಅಂತ ಕರಿಬ್ಯಾಡ್ರಿ. ನಿಮ್ಮ ಪ್ರಾರ್ಥನಾ ನಿಮ್ಮ ಮನ್ಯಾಗ ಚರ್ಚಿನ್ಯಾಗ ಮಾಡ್ಕೊಂಡು ಬರ್ರಿ.

ಮತ್ತ ನಮ್ಮ ಕಡಿ ಅನ್ನ ಹಾಕೋರಿಗೇನೂ ಬರ ಇಲ್ಲ. ಕಲಬುರಗಿ ಶರಣಬಸವೇಶ್ವರ ಗುಡಿದಾಗ ದಾಸೋಹ ನಡೀತದ, ಬೀದರ ನಾನಕ್ ಝೀರಾದಾಗ ಲಂಗರ್ ಅದ, ಉರುಸಿನ್ಯಾಗ ದರ್ಗಾದ ಮುಂದ ಊಟ ಹಾಕೋರು ಸಾಲಾಗಿ ನಿಂತಿರ್ತಾರ. ಕಲ್ಯಾಣದ ನೆಲ ಇದು, ದಾಸೋಹ ಯಾರೂ ಕಲಿಸ್ಕೊಡಬೇಕಾಗಿಲ್ಲ. ಇಲ್ಲದಿರೋರು ಅಂದ್ರ ಪಗಾರ ಚೀಟಿ ಓದಿ ಹೇಳೋರು, ಆಫೀಸಿಗಿ ಜೋಡಿಲಿ ಹೋಗೋರು. ನಿಮ್ಮ ಯೂತ್‌ದಾಗ ಡಿಗ್ರಿ ಮಾಡಿದ ಹುಡುಗ ಹುಡುಗ್ಯಾರು ಅದಾರ, ಮೊಬೈಲ್ ಅದ, ಇಂಗ್ಲಿಷ್ ಅಲ್ಪಸ್ವಲ್ಪ ಬರ್ತದ. ಅದೇ ಬಂಡವಾಳ.

ಈಗ ಆ ಚೀಟಿಗೇ ಬರ್ತೀನಿ. ಮೊದ್ಲು ಕೇಳಬೇಕಾದ್ದು ಪಗಾರ ಎಷ್ಟು ಅಂತಲ್ಲ, ನೀವು ಯಾವ ಲೆಕ್ಕದಾಗ ಅದೀರಿ ಅಂತ. ಪುರಸಭಾದಾಗ ಒಂದೇ ಗಾಡಿ ಮ್ಯಾಲ ಮೂರು ನಮೂನಿ ಮಂದಿ ಇರ್ತಾರ: ಖಾಯಂ, ನೇರಪಾವತಿ, ಹೊರಗುತ್ತಿಗಿ. ನೇರಪಾವತಿಯವ್ರಿಗಿ ಪುರಸಭಾನೇ ಅಕೌಂಟಿಗಿ ಹಾಕ್ತದ, ಹೊರಗುತ್ತಿಗಿಯವ್ರಿಗಿ ಏಜೆನ್ಸಿ ಅಂದ್ರ ಗುತ್ತೇದಾರ ಕೊಡ್ತಾನ, ಡ್ರೈವರ್ ಲೋಡರ್ ಮಂದಿ ಜಾಸ್ತಿ ಇದ್ರಾಗೇ ಬರ್ತಾರ. ಇದು ಗೊತ್ತಿಲ್ಲದೇ ಮುಖ್ಯಾಧಿಕಾರಿ ಹತ್ರ ಹೋದ್ರ ಅವ್ರು ಗುತ್ತೇದಾರನ ಕಡಿ ತೋರಸ್ತಾರ, ಅಂವ ಬಿಲ್ ಪಾಸ್ ಆಗಿಲ್ಲ ಅಂತ ಇವ್ರ ಕಡಿ ತೋರಸ್ತಾನ, ಹಿಂಗೇ ದಿನ ಹೋಗ್ತಾವ. ಕಾನೂನು ಸಾಫ್ ಅದ. ಗುತ್ತೇದಾರ ಪಗಾರ ಕೊಡದಿದ್ರ ಮೂಲ ಮಾಲಕ ಅಂದ್ರ ಪುರಸಭಾನೇ ಕೊಡಬೇಕು, ಆಮ್ಯಾಲ ಅವ್ನ ಬಿಲ್ಲಿನ್ಯಾಗ ಮುರಕೊಳ್ಳಬೇಕು. ಈ ಒಂದು ಮಾತು ಅರ್ಜಿದಾಗ ಇದ್ರ ಆಫೀಸಿನ್ಯಾಗ ಮಾತಾಡೋ ಧಾಟಿನೇ ಬದಲಾಗ್ತದ.

ಪಿಎಫ್‌ದು ಲೆಕ್ಕ ನೋಡ್ರಿ. ಒಬ್ಬಾಕಿಗಿ ತಿಂಗಳಿಗಿ 12,000 ಮ್ಯಾಲ ಪಿಎಫ್ ಹಿಡೀತಾರ ಅನ್ಕೊಂಡ್ರ ಆಕಿ ಪಗಾರದಾಗ 12 ಪರ್ಸೆಂಟ್ ಅಂದ್ರ 1,440 ಕಟ್ ಆಗ್ಬೇಕು, ಮಾಲಕನ ಕಡಿಂದನೂ 1,440 ಸೇರಬೇಕು. ಕೆಲವು ಕಡಿ ಎರಡೂ ಪಾಲು ಕೂಲಿಯವ್ರ ಪಗಾರದಾಗೇ ಮುರೀತಾರ, ಅದು ಶುದ್ಧ ಕಾನೂನುಬಾಹಿರ, ಮೊದ್ಲು ಅದನ್ನ ಹುಡುಕ್ರಿ. ಆಮ್ಯಾಲ ಪಾಸ್‌ಬುಕ್ ತೆಗುದಾಗ ಮಾಲಕನ ಪಾಲು 440 ಅಷ್ಟೇ ಕಾಣ್ತದ, ಹುಡುಗ್ರು ಸಾವಿರ ರೂಪಾಯಿ ನುಂಗ್ಯಾರ ಅಂತ ಎದ್ದು ಹೋಗಿಬಿಡ್ತಾರ. ನುಂಗಿಲ್ಲ. ಮಾಲಕನ ಪಾಲಿನ್ಯಾಗ 8.33 ಪರ್ಸೆಂಟ್ ಅಂದ್ರ ಸುಮಾರು 1,000 ಪೆನ್ಶನ್ ಕಾಲಮ್‌ದಾಗ ಬ್ಯಾರೆ ಕೂಡ್ತದ. ಇಂಥಾ ಸಣ್ಣದೊಂದು ತಪ್ಪು ಆರೋಪ ಮಾಡಿದ್ರ ಸಾಕು, ಆಮ್ಯಾಲ ನಿಮ್ಮ ಖರೇ ಮಾತನ್ನೂ ಯಾರೂ ಕೇಳಂಗಿಲ್ಲ, ಅದಕ್ಕ ಹೇಳ್ಲತ್ತೀನಿ. ಯುಎಎನ್ ನಂಬರ್ (ಪಿಎಫ್‌ದಾಗ ಒಬ್ಬೊಬ್ಬರಿಗಿ ಕೊಡೋ ಖಾಯಂ ನಂಬರ್) ಆಕ್ಟಿವೇಟ್ ಆಗಿ ಆಧಾರ್ ಜೋಡಿಸಿದ್ರ ಆ ಮೊಬೈಲಿಂದ 9966044425ಕ್ಕ ಮಿಸ್ಡ್ ಕಾಲ್ ಕೊಡ್ರಿ, ಮೆಸೇಜ್ ಬರ್ತದ. ಸರ್ಕಾರದ ಉಮಂಗ್ ಆ್ಯಪ್‌ದಾಗ ತಿಂಗಳು ತಿಂಗಳದ್ದು ಕಾಣ್ತದ. ಹಿಂದಿನ ತಿಂಗಳದ್ದು ಈ ತಿಂಗಳ 15ನೇ ತಾರೀಖಿನೊಳಗ ಕಟ್ಟಬೇಕು, ಕಟ್ಟಿಲ್ಲ ಅಂದ್ರ ಅಲ್ಲಿ ಖಾಲಿ ಇರ್ತದ, ವಾದ ಮಾಡೋದೇ ಬೇಕಾಗಿಲ್ಲ, ಸ್ಕ್ರೀನ್‌ಶಾಟ್ ಸಾಕು. ಪಿಎಫ್ ಇಲಾಖೆಯವ್ರು ಪ್ರತಿ ತಿಂಗಳು 27ಕ್ಕ ಜಿಲ್ಲಾ ಮಟ್ಟದಾಗ ನಿಧಿ ಆಪ್ಕೆ ನಿಕಟ್ ಅಂತ ಕ್ಯಾಂಪ್ ಮಾಡ್ತಾರ, ಕಲಬುರಗಿ ಆಫೀಸಿನ ತನಕ ಹೋಗೋ ಬದಲಿ ಅಲ್ಲೇ ಹೋಗ್ರಿ.

ಇಎಸ್‌ಐ ಅಂದ್ರ ಕಾರ್ಮಿಕರ ಆರೋಗ್ಯ ವಿಮಾ, ಅದನ್ನ ಮರೀಬ್ಯಾಡ್ರಿ. ಕೂಲಿಯವ್ರ ಪಾಲು 0.75 ಪರ್ಸೆಂಟ್, 12,000ಕ್ಕ ಬರೀ 90 ರೂಪಾಯಿ, ಮಾಲಕಂದು 3.25, ಅಂದ್ರ 390. ಇಷ್ಟು ಕಟ್ಟಿದ್ರ ಮನಿ ಮಂದಿಗೆಲ್ಲ ಔಷಧೋಪಚಾರ. ಕಲಬುರಗಿ ಸೇಡಂ ರೋಡಿಗಿ ಅಷ್ಟು ದೊಡ್ಡ ಇಎಸ್‌ಐ ಆಸ್ಪತ್ರಿ ಮೆಡಿಕಲ್ ಕಾಲೇಜು ಕಟ್ಟಿ ಇಟ್ಟಾರ, ಅದ್ರ ಮುಂದಿನ ರಸ್ತಾ ಗುಡಿಸೋ ಮಂದಿ ಕೈಯಾಗೇ ಕಾರ್ಡ್ ಇರಂಗಿಲ್ಲ, ಗಂಡಗ ಜ್ವರ ಬಂದ್ರ ಪ್ರೈವೇಟ್‌ಕ್ಕ ಸಾಲ ಮಾಡಿ ಹೋಗ್ತಾರ. ನೀವು ವರ್ಷಕ್ಕೊಮ್ಮೆ ಹೆಲ್ತ್ ಕ್ಯಾಂಪ್ ಮಾಡ್ತೀರಲ್ಲ, ಮುಂದಿನ ಸಲ ಬಿಪಿ ನೋಡೋ ಟೇಬಲ್ ಬಾಜೂಕ ಇನ್ನೊಂದು ಟೇಬಲ್ ಹಾಕಿ ಇಎಸ್‌ಐ ನಂಬರ್ ಅದಾ ಇಲ್ಲಾ ಅಂತ ನೋಡ್ರಿ, ಆ ಟೇಬಲ್‌ಕ್ಕೇ ಗದ್ದಲ ಜಾಸ್ತಿ ಆಗ್ತದ.

ಕಾಗದ ಸಿಗಲಿಲ್ಲ ಅಂದ್ರ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಫೀ, ಬಿಪಿಎಲ್ ಇದ್ರ ಅದೂ ಇಲ್ಲ, 30 ದಿನದಾಗ ಉತ್ತರ ಬರಬೇಕು. ಕರ್ನಾಟಕದ ನಿಯಮದಾಗ ಒಂದು ಅರ್ಜಿಗಿ ಒಂದೇ ವಿಷಯ, 150 ಶಬ್ದದ ಒಳಗ. ಹುಡುಗ್ರು ಹತ್ತು ವರ್ಷದ ಎಲ್ಲಾ ದಾಖಲಾತಿ ಕೊಡ್ರಿ ಅಂತ ಬರೀತಾರ, ಅದು ವಾಪಸ್ ಬರ್ತದ. ಇಂಥಾ ಒಂದು ತಿಂಗಳಿನ ಹೊರಗುತ್ತಿಗಿ ಹಾಜರಿ ಪುಸ್ತಕದ ನಕಲು, ಅದೇ ತಿಂಗಳಿನ ಪಿಎಫ್ ಇಎಸ್‌ಐ ಚಲನ್ ನಕಲು, ಇಷ್ಟೇ ಕೇಳ್ರಿ. ಹಾಜರಿದಾಗ 40 ಹೆಸರಿದ್ದು ಚಲನ್‌ದಾಗ 25 ಇದ್ರ ಉಳಿದದ್ದು ಆ ಕಾಗದಾನೇ ಮಾತಾಡ್ತದ. ಹಾಂ, ಅರ್ಜಿ ಕೊಟ್ಟಾಗ ಸ್ವೀಕೃತಿ ಇಲ್ಲದೇ ಎದ್ದು ಬರಬ್ಯಾಡ್ರಿ. ಸಾಹೇಬ್ರು ಒಳ್ಳೇವ್ರು ಚಹಾ ಕುಡಿಸಿದ್ರು ನೋಡ್ತೀನಿ ಅಂದ್ರು ಅಂತ ಖುಷಿಲಿಂದ ಬರ್ತೀರಿ, ಸಿಕ್ಕಾ ಹಾಕ್ಸಿಕೊಂಡಿರಂಗಿಲ್ಲ.

ವಕೀಲರು ಬೇಕಂದ್ರ ತಾಲೂಕು ಕೋರ್ಟಿನ್ಯಾಗೇ ಕಾನೂನು ಸೇವಾ ಸಮಿತಿ ಅದ, ಹೆಣ್ಮಕ್ಕಳಿಗಿ, ಪರಿಶಿಷ್ಟರಿಗಿ, ಕಾರ್ಮಿಕರಿಗಿ ಪುಕ್ಕಟ, ಫೋನ್ 15100. ಮತ್ತ ಯಾರಿಗಾರ ಮ್ಯಾನ್‌ಹೋಲ್ ಒಳಗ ಇಳಸ್ಲಾಕ ಹತ್ತಿದ್ರ ಪಗಾರ ಗಿಗಾರ ಎಲ್ಲಾ ಬದಿಗಿಟ್ಟು ಮೊದ್ಲು ಅದನ್ನ ನಿಲ್ಲಸ್ರಿ. 2013ರ ಕಾಯ್ದೆ ಪ್ರಕಾರ ಅದು ಅಪರಾಧ, ಅದ್ರಾಗ ಸತ್ರ ಮನಿಯವ್ರಿಗಿ 30 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ದಾಗ ಹೇಳಿದ್ದು ಗುತ್ತೇದಾರರಿಗಿ ಗೊತ್ತಿರ್ತದ, ಇಳಿಯೋರಿಗಿ ಗೊತ್ತಿರಂಗಿಲ್ಲ.

ಇಷ್ಟೆಲ್ಲ ಹೇಳಿ ಈಗ ನಿಮಗ ಸ್ವಲ್ಪ ಕಹಿ ಆಗೋ ಮಾತು ಒಂದದ. ಪುರಸಭಾಕ್ಕ ಹೋಗೋ ಮೊದ್ಲು ನಿಮ್ಮ ಕಾಂಪೌಂಡ್ ಒಳಗ ಒಂದು ಸುತ್ತು ಹಾಕ್ರಿ. ಚರ್ಚಿನ ಶಾಲಿದಾಗ ಆಯಾ ಇದ್ದಾಳ, ಹಾಸ್ಟೆಲ್‌ದಾಗ ಅಡಗಿಯಾಕಿ ಇದ್ದಾಳ, ಗೇಟಿಗಿ ಕಾವಲು ಮುತ್ತ್ಯಾ ಅದಾನ, ಗಂಟಿ ಹೊಡಿಯೋನು ಅದಾನ. ಅವ್ರಿಗೇನು ಕೊಡ್ತೀರಿ? ಎಷ್ಟೋ ಕಡಿ ಸೇವಾ ಅಂತ ಹೇಳಿ ಕನಿಷ್ಠ ಕೂಲಿದ ಅರ್ಧಾನೂ ಕೊಡಂಗಿಲ್ಲ, ಸಹಿ ಮಾಡೋ ಪುಸ್ತಕದಾಗ ಒಂದು ಅಂಕಿ, ಕೈಯಾಗ ಒಂದು ಅಂಕಿ. ಸಂಸ್ಥಾದಾಗ 10 ಮಂದಿ ಕೆಲಸಕ್ಕಿದ್ರ ಇಎಸ್‌ಐ, 20 ಇದ್ರ ಪಿಎಫ್, ಮಿಷನ್ ಶಾಲಿ ಅಂತ ಮಾಫಿ ಇಲ್ಲ. ಗುತ್ತೇದಾರ ಹುಷಾರ್ ಇದ್ರ ನಿಮಗ ಮೊದ್ಲು ಕೇಳೋ ಪ್ರಶ್ನಿನೇ ಇದು. ಕೇಳಲಿಲ್ಲ ಅಂದ್ರೂ ಆ ಅಡಗಿಯಾಕಿ ಭಾನುವಾರ ನಿಮ್ಮ ಎದುರಿಗೇ ಕುಂತಿರ್ತಾಳ. ಇನ್ನ ಕಮಿಟಿದಾಗ ಯಾರ್ಯಾರು ಕುಂತಾರ ನೋಡ್ರಿ, ಮೂರು ಮನಿ ಹೆಸರೇ ತಿರುಗಿ ತಿರುಗಿ ಬರ್ತಾವಾ, ಹೆಣ್ಮಕ್ಕಳು ಬರೀ ಸ್ತ್ರೀ ಸಮಾಜದಾಗ ಅದಾರಾ, ದಲಿತರೊಳಗಿನ ಎಡಗೈ ಬಲಗೈ ಭೇದ ಸಂಬಂಧ ಮಾಡೋ ಟೈಮಿನ್ಯಾಗ ಎದ್ದು ನಿಂದರ್ತದಾ. ಚರ್ಚಿನ್ಯಾಗ ಜಾತಿ ಇಲ್ಲ ಅಂತ ಯಾರೂ ನಂಬಂಗಿಲ್ಲ, ಕ್ಯಾಥೊಲಿಕ್ ಬಿಷಪ್‌ರ ಮಂಡಳಿನೇ 2016ರಾಗ ದಲಿತ ಸಬಲೀಕರಣದ ನೀತಿ ಹೊರಡ್ಸಿ ಭೇದ ಅದ ಅಂತ ಒಪ್ಕೊಂಡದ.

ಮಕ್ಕಳ ಮದುವಿದು ಸೈತ ಒಳಗಿಂದೇ. ಎಸ್ಸೆಸ್ಸೆಲ್ಸಿ ಪರೀಕ್ಷಾ ಮುಗೀತಿದ್ದಂಗ ಹುಡುಗಿ ಮದುವಿ ಗೊತ್ತು ಮಾಡೋದು ನಮ್ಮ ಸಭಾಗಳಾಗೂ ಅದ. ಪಾಸ್ಟರ್ ಪ್ರಕಟಣಾ ಓದೋ ಮೊದ್ಲು ಶಾಲಿ ದಾಖಲಾತಿ ನೋಡ್ಲಿ, ಹುಡುಗಿಗಿ 18 ಹುಡುಗನಿಗಿ 21. ಬಾಲ್ಯವಿವಾಹ ನಡಿಸಿಕೊಟ್ಟ ಪಾದ್ರಿಗೂ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಅದ, ಕರ್ನಾಟಕದಾಗ ಅಂಥಾ ಮದುವಿ ಮೂಲದಾಗೇ ಅಸಿಂಧು. ಪಾಸ್ಟರ್‌ಗಿ ಇದೊಂದೇ ಸಾಲು ತೋರಿಸಿದ್ರ ಸಾಕು, ಮುಂದಿಂದು ಅವ್ರೇ ನೋಡ್ಕೋತಾರ.

ಇನ್ನೊಂದು ಸೂಕ್ಷ್ಮ ವಿಷಯ, ಇದು ಹೊರಗಿನವ್ರಿಗಿ ತಿಳಿಯಂಗಿಲ್ಲ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿ ಪಟ್ಟಿದಾಗ ಬರಂಗಿಲ್ಲ. 1956ರಾಗ ಸಿಖ್ಖರಾದವ್ರಿಗಿ ಕೊಟ್ರು, 1990ರಾಗ ಬೌದ್ಧರಾದವ್ರಿಗಿ ಕೊಟ್ರು, ಕ್ರೈಸ್ತರಿಗಿ ಇಲ್ಲ, ನಮ್ಮ ರಾಜ್ಯದಾಗ ಅವ್ರಿಗಿ ಪ್ರವರ್ಗ 1ರಾಗ ಇಟ್ಟಾರ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ, ಚಾಕರಿ ಅದೇ ಕಸದ್ದು, ಓಣಿ ಅದೇ ಓಣಿ, ಭಾನುವಾರ ಎಲ್ಲಿಗಿ ಹೋಗ್ತಾನ ಅನ್ನೋದ್ರ ಮ್ಯಾಲ ಅವಮಾನ ಕಮ್ಮಿ ಆಗಂಗಿಲ್ಲ. ಆದ್ರ ಈ ಹೋರಾಟ ದಿಲ್ಲಿ ಮಟ್ಟದ್ದು, ನಿಮ್ಮ ಸಭಾದಾಗ ಮಾಡಬೇಕಾದ್ದು ಇಷ್ಟೇ: ಯಾರ ಕಡಿ ಯಾವ ಜಾತಿ ಸರ್ಟಿಫಿಕೇಟ್ ಅದ ಅಂತ ಪಟ್ಟಿ ಮಾಡಬ್ಯಾಡ್ರಿ, ಕಾರ್ಮಿಕರ ಫೋಟೋ ಚರ್ಚಿನ ಹೆಸರು ಹಾಕಿ ಫೇಸ್‌ಬುಕ್‌ದಾಗ ಬಿಡಬ್ಯಾಡ್ರಿ. ನಿಮ್ಮ ಒಂದು ಪೋಸ್ಟಿಂದ ಯಾರದೋ ಮಗಳ ಸ್ಕಾಲರ್‌ಶಿಪ್‌ದು ವಿಚಾರಣಾ ಶುರು ಆಗ್ತದ. ಬ್ಯಾನರ್ ಬ್ಯಾಡ ಅಂತ ನಾನು ಪದೇ ಪದೇ ಹೇಳೋದು ಇದಕ್ಕೇ.

ಮುಂದ ಯಾರು ನಿಲ್ಲಬೇಕು ಅನ್ನೋದು. ಗಾಡಿ ಮ್ಯಾಲಿನ ಮಂದಿನೇ ನಿಲ್ಲಬೇಕು, ಅರ್ಜಿ ಅವ್ರ ಹೆಸರಿನ್ಯಾಗೇ ಇರ್ಬೇಕು, ಸಭಾದ ಲೆಟರ್‌ಹೆಡ್ ಬ್ಯಾಡ. ಊರಾಗ ಪೌರಕಾರ್ಮಿಕರ ಸಂಘ ಇದ್ರ ಅವ್ರ ಹಿಂದ ನಿಂದರ್ರಿ, ಹೊಸಾದು ಕಟ್ಟಲಾಕ ಹೋಗಬ್ಯಾಡ್ರಿ, ದಸಂಸದವ್ರು (ದಲಿತ ಸಂಘರ್ಷ ಸಮಿತಿ) ಯೂನಿಯನ್‌ನವ್ರು ಇದ್ರಾಗ ನಿಮಗಿಂತ ಹಳಬ್ರು. ಹಂಗಾದ್ರ ಸಭಾದವ್ರು ಏನು ಮಾಡ್ಬೇಕು ಅಂದ್ರ, ಅಮೆರಿಕಾದ ಮಾಂಟ್ಗೊಮರಿ ಊರಾಗ 1955ರ ಡಿಸೆಂಬರ್‌ದಾಗ ಕರಿಯರು ಬಸ್ ಹತ್ತಂಗಿಲ್ಲ ಅಂತ ಬಹಿಷ್ಕಾರ ಹಾಕಿದ್ರಲ್ಲ, 381 ದಿನ ನಡೀತು, ಎಲ್ಲಾರಿಗೂ ಮಾರ್ಟಿನ್ ಲೂಥರ್ ಕಿಂಗ್ ಭಾಷಣ ನೆನಪದ. ಆದ್ರ ದಿನಾ ಮುಂಜಾನೆ ಕೆಲಸಕ್ಕ ಹೋಗೋ ಸಾವಿರಾರು ಮಂದಿಗಿ ಯಾರು ಮುಟ್ಟಿಸಿದ್ರು? ಅಲ್ಲಿ ಚರ್ಚುಗಳು ಗಾಡಿ ಹೊಂದಿಸಿದ್ವು, ಎಲ್ಲಿ ಹತ್ತಬೇಕು ಎಲ್ಲಿ ಇಳೀಬೇಕು ಅಂತ ಜಾಗಾ ಗೊತ್ತು ಮಾಡಿದ್ವು, ಪೆಟ್ರೋಲಿಗಿ ಕಾಣಿಕಿ ಎತ್ತಿದ್ವು. ಸೀಟು ಬಿಡಂಗಿಲ್ಲ ಅಂತ ಕುಂತ ರೋಸಾ ಪಾರ್ಕ್ಸ್ ಸೈತ ಮೆಥಡಿಸ್ಟ್ ಪರಂಪರಾದ ಸಭಾದಾಕಿನೇ. ನಿಮ್ಮೂರಾಗ ಆ ಕೆಲಸ ಅಂದ್ರ ಬೀದರ ಡಿಸಿ ಆಫೀಸಿಗಿ ಹೋಗೋ ದಿನ ಬಸ್ ಚಾರ್ಜು, ಮಧ್ಯಾಹ್ನದ ಊಟ, ಅವತ್ತಿನ ಕೂಲಿ ಹೋಗಿದ್ದಕ್ಕ ಏನಾರ ವ್ಯವಸ್ಥಾ, ಸಣ್ಣ ಮಕ್ಕಳಿಗಿ ನೋಡ್ಕೊಳ್ಳೋ ಒಬ್ಬಾಕಿ ಅಕ್ಕ. ಎದ್ದು ನಿಂತ ಮಂದಿಗಿ ಗುತ್ತೇದಾರ ನಾಳಿಂದ ಬರಬ್ಯಾಡ ಅಂದ್ರ ಎರಡು ತಿಂಗಳು ಅವ್ರ ಮನಿ ಒಲಿ ಉರಿಬೇಕು, ಇದನ್ನ ಮೊದ್ಲೇ ಎತ್ತಿಡ್ರಿ, ಆಮ್ಯಾಲೇ ಅರ್ಜಿ ಕೊಡ್ರಿ. ಇದು ಇಲ್ಲದೇ ಬಡವ್ರಿಗಿ ಮುಂದ ದಬ್ಬೋದು ಪಾಪದ ಕೆಲಸ.

ರೊಕ್ಕ ಎಲ್ಲಿಂದ ಅಂದ್ರ ನಿಮ್ಮ ಕಾಣಿಕಿಂದೇ. ತಿಂಗಳಿಗಿ ಒಂದು ಭಾನುವಾರದ ಎರಡನೇ ಕಾಣಿಕಿ ಇದಕ್ಕ ಅಂತ ಇಡ್ರಿ, ಈ ವರ್ಷ ಕಂಬಳಿ ಅರ್ಧ ಕಮ್ಮಿ ಮಾಡ್ರಿ (ಪೂರ್ತಿ ಬಂದ್ ಮಾಡಬ್ಯಾಡ್ರಿ, ಡಿಸೆಂಬರ್ ಚಳಿ ಬೀದರದಾಗ ಸಣ್ಣದಲ್ಲ). ಹೊರದೇಶದ ರೊಕ್ಕಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ. 2020ರ ತಿದ್ದುಪಡಿ ಆದ್ ಮ್ಯಾಲ ಎಫ್‌ಸಿಆರ್‌ಎ (ಹೊರದೇಶದ ದೇಣಿಗಿ ಕಾಯ್ದೆ) ನೋಂದಣಿ ಇದ್ದ ಸಂಸ್ಥಾ ತನಗ ಬಂದಿದ್ದನ್ನ ಇನ್ನೊಂದು ಸಂಸ್ಥಾಕ್ಕ ಕೊಡಂಗೇ ಇಲ್ಲ, ಆ ರೊಕ್ಕ ಬಂದು ಬೀಳೋ ಅಕೌಂಟ್ ದಿಲ್ಲಿದ ಒಂದೇ ಸ್ಟೇಟ್ ಬ್ಯಾಂಕ್ ಶಾಖಾದಾಗ ಇರ್ಬೇಕು. ಗೆಳೆಯ ಒಬ್ಬ ದುಬೈಲಿಂದ ಐದು ಸಾವಿರ ಹಾಕ್ತೀನಿ ಅಂದ್ರೂ ಪಾಸ್ಟರ್ ಅಕೌಂಟಿಗಿ ಹಾಕ್ಸಬ್ಯಾಡ್ರಿ. ಬಂದಿದ್ದೆಷ್ಟು ಝೆರಾಕ್ಸಿಗೆಷ್ಟು ಬಸ್ಸಿಗೆಷ್ಟು ಅಂತ ನೋಟಿಸ್ ಬೋರ್ಡಿಗಿ ತಿಂಗಳಾ ಹಚ್ಚ್ರಿ, ಬ್ಯಾರೆಯವ್ರ ಲೆಕ್ಕ ಕೇಳೋರ ಲೆಕ್ಕ ಗೋಡಿ ಮ್ಯಾಲ ಇರ್ಬೇಕು.

ಟೈಮ್ ನೋಡಿ ಶುರು ಮಾಡ್ರಿ. ತೊಗರಿ ರಾಶಿ ನಡ್ದಾಗ ಮನ್ಯಾಗ ಯಾರೂ ಸಿಗಂಗಿಲ್ಲ, ಯುಗಾದಿ ಆದ್ ಮ್ಯಾಲ ಅರ್ಧ ಓಣಿ ಹೈದರಾಬಾದ್ ಪುಣೆ ಗುಳೆ ಹೊಂಟಿರ್ತದ. ನಡುವ ಫೆಬ್ರವರಿದಾಗ ಒಂದು ಸಂಜಿ ಕೂಡ್ರಿ, ಯುಎಎನ್ ನಂಬರ್ ಯಾರ್ಯಾರಿಗಿ ಅದ ಅಷ್ಟೇ ಕೇಳ್ರಿ, ಮೊದಲನೇ ದಿನ ಅದಕ್ಕಿಂತ ಜಾಸ್ತಿ ಬ್ಯಾಡ.